ಕ್ಯಾನ್ಸರ್ ಫಾರ್ಮಸಿಸ್ಟರ ಸಂಘವೂ ನಮ್ಮ ಪಾಠ ವೀಕ್ಷಣಾ ಪುಸ್ತಕವೂ

ಬಿ.ಇಡ್. ಮುಗಿಸಿ ಕೆಲಸಕ್ಕೆ ಸೇರಿದ ಶಿಕ್ಷಕರ ಪಾಠವನ್ನು ಆಮೇಲೆ ಯಾರು ನೋಡುತ್ತಾರೆ? ಎರಡು ವರ್ಷದ ಕೋರ್ಸಿನಲ್ಲಿ ಇಪ್ಪತ್ತು ವಾರ ಶಾಲೆಯಲ್ಲಿ ಕಳೆಯುವಾಗ ಮೇಲ್ವಿಚಾರಕರು, ಮಾರ್ಗದರ್ಶಕ ಶಿಕ್ಷಕರು, ಸಹಪಾಠಿಗಳು ತರಗತಿಯ ಹಿಂದೆ ಕುಳಿತು ಟಿಪ್ಪಣಿ ಬರೆಯುತ್ತಾರೆ. ನೇಮಕವಾದ ಮೇಲೆ ಆ ಜಾಗ ಖಾಲಿ. ಬೇರೆ ವೃತ್ತಿಗಳವರು ಈ ಖಾಲಿ ಜಾಗವನ್ನು ಹೇಗೆ ತುಂಬಿಕೊಂಡಿದ್ದಾರೆ ಎಂದು ನಾವು ವಿಚಾರಿಸುವುದು ಕಡಿಮೆ. ಇಲ್ಲಿ ಅಷ್ಟಾಗಿ ಪರಿಚಯವಿಲ್ಲದ ಒಂದು ವೃತ್ತಿಯನ್ನು ಆರಿಸಿಕೊಂಡಿದ್ದೇನೆ: ಅಮೆರಿಕದ ಕ್ಯಾನ್ಸರ್ ಆಸ್ಪತ್ರೆಗಳ ಫಾರ್ಮಸಿಸ್ಟರದು.

ಫಾರ್ಮಸಿಸ್ಟ್ ಎಂದರೆ ನಮ್ಮ ಕಣ್ಣಮುಂದೆ ಬರುವುದು ಮೆಡಿಕಲ್ ಶಾಪಿನಲ್ಲಿ ಚೀಟಿ ನೋಡಿ ಮಾತ್ರೆ ಕೊಡುವವರು. ಕ್ಯಾನ್ಸರ್ ವಿಭಾಗದಲ್ಲಿ ಅವರ ಕೆಲಸ ಬೇರೆ. ಕಿಮೋಥೆರಪಿಯ ಹೆಚ್ಚಿನ ಔಷಧಗಳ ಪ್ರಮಾಣವನ್ನು ರೋಗಿಯ ಎತ್ತರ ಮತ್ತು ತೂಕದಿಂದ ದೇಹದ ಮೇಲ್ಮೈ ವಿಸ್ತೀರ್ಣ ಲೆಕ್ಕ ಹಾಕಿ ನಿರ್ಧರಿಸುತ್ತಾರೆ. ವೈದ್ಯರು ಬರೆದ ಲೆಕ್ಕವನ್ನು ಫಾರ್ಮಸಿಸ್ಟ್ ಮತ್ತೆ ಮೊದಲಿನಿಂದ ಮಾಡುತ್ತಾರೆ. ಮೂತ್ರಪಿಂಡ, ಯಕೃತ್ತು ಹೇಗಿವೆ ಎಂದು ರಕ್ತಪರೀಕ್ಷೆಯ ವರದಿ ನೋಡುತ್ತಾರೆ. ಡಾಕ್ಸೊರುಬಿಸಿನ್ ಹೃದಯಕ್ಕೆ ಹಾನಿ ಮಾಡುವ ಔಷಧವಾದ್ದರಿಂದ ಈವರೆಗೆ ಒಟ್ಟು ಎಷ್ಟು ಹೋಗಿದೆ ಎಂಬ ಲೆಕ್ಕ ಇಡುತ್ತಾರೆ. ಮನೆಯಲ್ಲಿ ಮಾತ್ರೆ ನುಂಗುವವರಿಗೆ ಯಾವ ವಾರ ತೆಗೆದುಕೊಳ್ಳಬೇಕು, ಯಾವ ವಾರ ಬಿಡಬೇಕು ಎಂದು ಕೂರಿಸಿಕೊಂಡು ಹೇಳಿಕೊಡುತ್ತಾರೆ. ಈ ಕೊನೆಯದು ಬೋಧನೆಯೇ, ಅದೂ ಭಯದಲ್ಲಿರುವ ವಿದ್ಯಾರ್ಥಿಗೆ.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1994ರ ಒಂದು ಘಟನೆಯನ್ನು ಆ ಕ್ಷೇತ್ರದವರು ಇಂದಿಗೂ ನೆನೆಯುತ್ತಾರೆ. ಬೆಟ್ಸಿ ಲೇಮನ್ ಬಾಸ್ಟನ್ ಗ್ಲೋಬ್ ಪತ್ರಿಕೆಯ ಆರೋಗ್ಯ ಅಂಕಣಕಾರ್ತಿ. ಸ್ತನ ಕ್ಯಾನ್ಸರಿಗಾಗಿ ಬಾಸ್ಟನ್ನಿನ ಹೆಸರಾಂತ ಡಾನಾ-ಫಾರ್ಬರ್ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆಯುತ್ತಿದ್ದರು. ನಾಲ್ಕು ದಿನಗಳಿಗೆ ಸೇರಿ ಕೊಡಬೇಕಾಗಿದ್ದ ಸೈಕ್ಲೊಫಾಸ್ಫಮೈಡ್ ಪ್ರಮಾಣವನ್ನು ಅವರಿಗೆ ನಾಲ್ಕು ದಿನವೂ ಪ್ರತಿದಿನ ಕೊಡಲಾಯಿತು. ಆದೇಶ ವೈದ್ಯರ, ಫಾರ್ಮಸಿಸ್ಟರ, ದಾದಿಯರ ಕೈ ದಾಟಿ ಹೋಗಿತ್ತು. ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ತಪ್ಪು ಗೊತ್ತಾದದ್ದು ಮರುವರ್ಷ, ಸಂಶೋಧನೆಯ ದಾಖಲೆಗಳನ್ನು ಪರಿಶೀಲಿಸುವಾಗ.

ಇಂಥ ಕೆಲಸಕ್ಕೆ ಪದವಿಯೊಂದೇ ಸಾಲದು ಎಂದು ಅಲ್ಲಿನವರು ಒಪ್ಪಿಕೊಂಡಿದ್ದಾರೆ. ಫಾರ್ಮ್.ಡಿ. ಆದ ಮೇಲೆ ಒಂದು ವರ್ಷ ಸಾಮಾನ್ಯ ರೆಸಿಡೆನ್ಸಿ, ಬೇಕೆಂದವರಿಗೆ ಇನ್ನೊಂದು ವರ್ಷ ಕ್ಯಾನ್ಸರ್ ವಿಭಾಗದಲ್ಲಿ ರೆಸಿಡೆನ್ಸಿ, ನಂತರ ಪ್ರಮಾಣಪತ್ರದ ಪರೀಕ್ಷೆ. ಬೋರ್ಡ್ ಆಫ್ ಫಾರ್ಮಸಿ ಸ್ಪೆಷಾಲಿಟೀಸ್ ಕ್ಯಾನ್ಸರ್ ಫಾರ್ಮಸಿಯನ್ನು ಪ್ರತ್ಯೇಕ ಪರಿಣತಿಯೆಂದು ಒಪ್ಪಿದ್ದು 1996ರಲ್ಲಿ. ಆ ಪ್ರಮಾಣಪತ್ರದ ಆಯಸ್ಸು ಏಳು ವರ್ಷ, ಆಮೇಲೆ ನವೀಕರಿಸಬೇಕು.

ಇದಿಷ್ಟು ಕಾಗದದ ದಾರಿ. ನನಗೆ ಮುಖ್ಯವೆನಿಸುವುದು ಅದರ ಪಕ್ಕದಲ್ಲೇ ನಡೆಯುವ ಇನ್ನೊಂದು ದಾರಿ. 2004ರಲ್ಲಿ ಹೆಮಟಾಲಜಿ/ಆಂಕಾಲಜಿ ಫಾರ್ಮಸಿ ಅಸೋಸಿಯೇಷನ್ ಹುಟ್ಟಿತು. ಅದರ ವಾರ್ಷಿಕ ಸಮ್ಮೇಳನದಲ್ಲಿ ಇನ್ನೂ ತರಬೇತಿಯಲ್ಲಿರುವವರೂ ತಮ್ಮ ಆಸ್ಪತ್ರೆಯ ಒಂದು ಸಣ್ಣ ಪ್ರಶ್ನೆಯನ್ನು ಪೋಸ್ಟರ್ ಮಾಡಿ ಅದರ ಪಕ್ಕ ನಿಲ್ಲುತ್ತಾರೆ. ಬೇರೆ ಊರಿನ, ಇವರ ಅಂಕ ನಿರ್ಧರಿಸದ ಹಿರಿಯರು ಬಂದು ಪ್ರಶ್ನೆ ಕೇಳುತ್ತಾರೆ. ಮುಂದೆ ಸಮಿತಿ ಕೆಲಸ: ಬಂದ ಸಾರಲೇಖಗಳನ್ನು ಓದುವುದು, ಸಹೋದ್ಯೋಗಿಗಳಿಗೆ ತರಬೇತಿ ರೂಪಿಸುವುದು, ರೋಗಿಗಳಿಗೆ ಕರಪತ್ರ ಬರೆಯುವುದು. ವೃತ್ತಿ ಸಲಹೆ ಕೊಡುವವರು ಇದನ್ನೆಲ್ಲ 'ನಾಲ್ಕು ಜನರ ಪರಿಚಯವಾಗುತ್ತದೆ, ಕೆಲಸ ಸಿಗುತ್ತದೆ' ಎಂದು ಹೇಳಿ ಮುಗಿಸುತ್ತಾರೆ. ಕೆಲಸ ಸಿಗುವುದೂ ನಿಜ. ಆದರೆ ಇತರರ ಸಾರಲೇಖಗಳನ್ನು ಓದಿ ಇದು ಸಾಕು, ಇದು ಸಾಲದು ಎಂದು ಕಾರಣ ಕೊಟ್ಟು ಹೇಳಬೇಕಾದವರು ತಮ್ಮ ಕೆಲಸವನ್ನೂ ಹಾಗೆಯೇ ನೋಡಲು ಕಲಿಯುತ್ತಾರೆ. ಅದರ ಮುಂದೆ ಪರಿಚಯದ ಲಾಭ ಚಿಕ್ಕದು.

ಇದಕ್ಕಿಂತ ದೊಡ್ಡ ಲಾಭ ವೃತ್ತಿಗೇ ಆಗುವಂಥದ್ದು. ವಿಂಕ್ರಿಸ್ಟಿನ್ ಎಂಬ ಔಷಧವನ್ನು ರಕ್ತನಾಳಕ್ಕೆ ಮಾತ್ರ ಕೊಡಬೇಕು. ತಪ್ಪಿ ಬೆನ್ನುಹುರಿಯ ದ್ರವಕ್ಕೆ ಹೋದರೆ ರೋಗಿ ಬದುಕುವುದು ತೀರಾ ಅಪರೂಪ. ರಕ್ತ ಕ್ಯಾನ್ಸರಿನ ಮಕ್ಕಳಿಗೆ ಬೆನ್ನಿಗೆ ಕೊಡುವ ಬೇರೊಂದು ಔಷಧವೂ ಇರುತ್ತದೆ. ಎರಡೂ ಸಿರಿಂಜಿನಲ್ಲೇ ಬಂದಾಗ ಅದಲುಬದಲಾಗಿ ಹಲವು ದೇಶಗಳಲ್ಲಿ ಸಾವುಗಳಾದವು. ಪರಿಹಾರ ಸರಳ: ವಿಂಕ್ರಿಸ್ಟಿನ್ನನ್ನು ಸಿರಿಂಜಿನಲ್ಲಿ ಕಳಿಸದೆ ಸಲೈನಿನ ಚಿಕ್ಕ ಚೀಲದಲ್ಲಿ ಬೆರೆಸಿ ಕಳಿಸುವುದು. ಚೀಲವನ್ನು ಯಾರೂ ಬೆನ್ನಿಗೆ ಚುಚ್ಚಲು ಹೋಗುವುದಿಲ್ಲ. 2007ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳಿತು. ಒಂದು ಆಸ್ಪತ್ರೆಯ ಅನಾಹುತ ಅಲ್ಲಿಯೇ ಹೂತುಹೋಗಿದ್ದರೆ ಈ ಪರಿಹಾರ ಉಳಿದವರಿಗೆ ತಲುಪುತ್ತಿರಲಿಲ್ಲ. ಹೊಸ ಔಷಧಗಳ ವಿಷಯವೂ ಹೀಗೆಯೇ. 2011ರಲ್ಲಿ ಇಪಿಲಿಮುಮ್ಯಾಬ್‌ಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದು ದೇಹದ ರೋಗನಿರೋಧಕ ಶಕ್ತಿಯ ಕಡಿವಾಣ ಸಡಿಲಿಸುವ ಔಷಧ. ಅದರ ಅಡ್ಡಪರಿಣಾಮಗಳು ಕೂದಲು ಉದುರುವಂಥ ಹಳೆಯ ಬಗೆಯವಲ್ಲ. ಕರುಳಿನಲ್ಲಿ, ಗ್ರಂಥಿಗಳಲ್ಲಿ ಉರಿಯೂತ. ಅದಕ್ಕೆ ಮೊದಲು ಪದವಿ ಪಡೆದವರು ಇದನ್ನು ಕಾಲೇಜಿನಲ್ಲಿ ಕಲಿತಿರಲು ಸಾಧ್ಯವೇ ಇರಲಿಲ್ಲ.

ಈಗ ನಮ್ಮ ಕಡೆಗೆ. ಶಿಕ್ಷಕರ ತಪ್ಪಿನಿಂದ ಯಾರೂ ಸಾಯುವುದಿಲ್ಲ, ಹೋಲಿಕೆ ಸರಿಯಲ್ಲ ಎಂದು ಯಾರಾದರೂ ಹೇಳಬಹುದು. ಸಾಯುವುದಿಲ್ಲ, ನಿಜ. ಆದರೆ ಛೇದ ದೊಡ್ಡದಾದರೆ ಭಿನ್ನರಾಶಿಯೂ ದೊಡ್ಡದು, ಐದನೇ ಒಂದಕ್ಕಿಂತ ಎಂಟನೇ ಒಂದು ಹೆಚ್ಚು ಎಂದು ನಂಬಿದ ಮಗು ಅದೇ ನಂಬಿಕೆಯೊಂದಿಗೆ ಹತ್ತನೇ ತರಗತಿಯವರೆಗೂ ಬರುತ್ತದೆ. ಎಲ್ಲಿ ತಪ್ಪಿತು ಎಂದು ಹುಡುಕಲು ನಮ್ಮಲ್ಲಿ ಕಡತವೂ ಇಲ್ಲ. ನಮ್ಮ ಪ್ರಶಿಕ್ಷಣಾರ್ಥಿಗಳ ವೀಕ್ಷಣಾ ಪುಸ್ತಕಗಳಲ್ಲಿ ಇಂಥ ಒಳ್ಳೆಯ ಗಮನಿಕೆಗಳು ಇರುತ್ತವೆ. ಪ್ರಾಯೋಗಿಕ ಪರೀಕ್ಷೆಯ ದಿನ ಸಹಿ ಬೀಳುತ್ತದೆ, ಪುಸ್ತಕ ಬೀರು ಸೇರುತ್ತದೆ.

'ಸಂಘ' ಎಂದರೆ ನಮ್ಮ ಶಿಕ್ಷಕರಿಗೆ ಮೊದಲು ನೆನಪಾಗುವುದು ವೇತನ ಮತ್ತು ವರ್ಗಾವಣೆ. ಅವೂ ಬೇಕು. ಆದರೆ ವಿಷಯ ಬೋಧನೆಯ ಸಂಘಗಳೂ ಇವೆ: 1965ರಿಂದ ಇರುವ ಭಾರತೀಯ ಗಣಿತ ಶಿಕ್ಷಕರ ಸಂಘ, 1984ರಲ್ಲಿ ಶುರುವಾದ ಭೌತಶಾಸ್ತ್ರ ಶಿಕ್ಷಕರ ಸಂಘ, ನಮ್ಮದೇ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು. ಶಿಕ್ಷಕರು ಒಟ್ಟಾಗಿ ಏನು ಮಾಡಬಲ್ಲರು ಎಂಬುದಕ್ಕೆ ದೂರ ಹೋಗಬೇಕಿಲ್ಲ. 1995ರಲ್ಲಿ ಎಚ್.ಡಿ. ಕೋಟೆಯ ಕೆಲವು ಶಿಕ್ಷಕರು ರಿಷಿವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ತಾವೇ ಕಾರ್ಡುಗಳನ್ನು ಬರೆದು, ತಿದ್ದಿ ಮಾಡಿದ್ದು ನಲಿ-ಕಲಿ. ರಾಜ್ಯಕ್ಕೆಲ್ಲ ವಿಸ್ತರಿಸಿದ ಮೇಲೆ ಹೆಚ್ಚಿನ ಶಿಕ್ಷಕರಿಗೆ ಅದು ಇಲಾಖೆಯಿಂದ ಬರುವ ಪೆಟ್ಟಿಗೆಯಾಯಿತು.

ರಾಷ್ಟ್ರೀಯ ಶಿಕ್ಷಣ ನೀತಿ 2020 ಪ್ರತಿ ಶಿಕ್ಷಕರಿಗೂ ವರ್ಷಕ್ಕೆ 50 ಗಂಟೆಯ ವೃತ್ತಿಪರ ಬೆಳವಣಿಗೆ ಎನ್ನುತ್ತದೆ. ಗಂಟೆ ಎಣಿಸುವುದು ಸುಲಭ. ವಿಡಿಯೊ ಹಚ್ಚಿಟ್ಟು ಅಡುಗೆ ಮಾಡಿದರೂ ಗಂಟೆ ತುಂಬುತ್ತದೆ. ನನ್ನ ಸಲಹೆ ಚಿಕ್ಕದು. ಇಂಟರ್ನ್‌ಶಿಪ್ ಮುಗಿಯುವ ಮೊದಲು ಪ್ರತಿ ಪ್ರಶಿಕ್ಷಣಾರ್ಥಿಯೂ ತನ್ನ ವೀಕ್ಷಣಾ ಪುಸ್ತಕದ ಒಂದೇ ಒಂದು ಪ್ರಶ್ನೆಯನ್ನು, ಮಕ್ಕಳ ಬರಹದ ಸಮೇತ, ಕಾಲೇಜಿನ ಹೊರಗಿನ ಶಿಕ್ಷಕರ ಮುಂದೆ ಹದಿನೈದು ನಿಮಿಷ ಇಡಲಿ. ಇದಕ್ಕೆ ಅಂಕ ಬೇಡ. ಅಂಕ ಇಟ್ಟರೆ ಅದೂ ಇನ್ನೊಂದು ರೆಕಾರ್ಡ್ ಆಗುತ್ತದೆ. ವಿಷಯ ಸಂಘದ ಮೊದಲ ವರ್ಷದ ಸದಸ್ಯತ್ವ ಶುಲ್ಕವನ್ನು ಕಾಲೇಜು ಕೊಡಲಿ. ಅಮೆರಿಕದ ವ್ಯವಸ್ಥೆಯಲ್ಲೂ ಶುಲ್ಕ, ಪ್ರಯಾಣದ ಖರ್ಚು ಸಣ್ಣ ಆಸ್ಪತ್ರೆಯವರನ್ನು ಹೊರಗಿಡುತ್ತದೆ. ಆ ದೋಷವನ್ನು ನಾವು ಎರವಲು ತರಬೇಕಿಲ್ಲ. ಸಭೆ ಭಾನುವಾರ ಬೇಡ. ಮನೆ, ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕಿಯರು ಆ ದಿನ ಬರಲಾರರು. ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಹತ್ತಿರದ ಶಾಲೆಯಲ್ಲೇ ಆಗಲಿ. ಮೊದಲ ಸಲ ಐದೇ ಜನ ಬಂದರೂ ನಡೆಸೋಣ. ಬರುವವರು ಚೆನ್ನಾಗಿ ನಡೆದ ಪಾಠದ ಫೋಟೊ ತರುವುದು ಬೇಡ, ಮಕ್ಕಳು ತಪ್ಪು ಬರೆದ ಉತ್ತರಪತ್ರಿಕೆ ತರಲಿ. ಚಹಾ ಕಾಲೇಜಿನದು.