ಮನೆಯ ಯಂತ್ರಗಳು: ಗೊತ್ತಾದ ಹೊತ್ತಿಗೆ ಏಳದ ಗಣಕ

ಈ ತಿಂಗಳು ಬಟ್ಟೆಯೊಗೆಯುವ ಯಂತ್ರದ ವಿಷಯವನ್ನು ಬರೆಯುವೆನೆಂದು ವಾಚಕರಿಗೆ ಮಾತು ಕೊಟ್ಟಿದ್ದೆನು. ಅದನ್ನು ಮುಂದಿನ ಸಂಚಿಕೆಗೆ ಸರಿಸಬೇಕಾಗಿ ಬಂದಿದೆ, ವಾಚಕರು ಕ್ಷಮಿಸಬೇಕು. ಬಾಗಲೂರಿನಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಒಂದು ನಷ್ಟವು ಸಂಭವಿಸಿತು. ಅಂಥದು ಇನ್ನೆಷ್ಟು ಮನೆಗಳಲ್ಲಿ ಸದ್ದಿಲ್ಲದೆ ನಡೆಯುತ್ತಿರುವುದೋ ಎಂಬ ಭಯದಿಂದ ಇದನ್ನು ಮೊದಲು ಬರೆಯುತ್ತಿರುವೆನು.

ನಮ್ಮ ಭಾವನವರು ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಯಲಹಂಕದ ಕಡೆಯಿಂದ ಬಾಗಲೂರು ಕ್ರಾಸಿನಲ್ಲಿ ತಿರುಗಿ, ಕಟ್ಟಿಗೇನಹಳ್ಳಿಯನ್ನು ದಾಟಿ ಅವರ ಊರಿಗೆ ಹೋಗಬೇಕು. ತೋಟಗಳಿದ್ದೆಡೆಯಲ್ಲಿ ಈಗ ಬಡಾವಣೆಗಳೆದ್ದಿವೆ. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ತೆರೆದಂದಿನಿಂದ ರಾತ್ರಿಯೆಲ್ಲ ತಲೆಯ ಮೇಲೆ ವಿಮಾನಗಳ ಸದ್ದು. ಹೀಗಿದ್ದರೂ ಆ ಸುತ್ತಿನಲ್ಲಿ ರಾಗಿ ಬೀಸುವ ಪದಗಳನ್ನೂ ಸೋಬಾನೆ ಪದಗಳನ್ನೂ ಬಲ್ಲ ಮುದುಕಿಯರು ಇನ್ನೂ ಕೆಲವರಿದ್ದಾರೆ. ಭಾವನವರು ಅವರ ಜಗಲಿಗಳಲ್ಲಿ ಕುಳಿತು, ಹಾಡಿಸಿ, ಮೊಬೈಲಿನಲ್ಲಿ ಹಿಡಿದುಕೊಂಡು ಬಂದು ಮನೆಯ ಗಣಕದಲ್ಲಿ ತುಂಬುವರು. ಮೊಬೈಲಿನಲ್ಲಿ ಜಾಗ ಸಾಲದಾದಾಗ ಅಲ್ಲಿರುವುದನ್ನು ಅಳಿಸಿಬಿಡುವರು. ಗಣಕದಲ್ಲಿರುವುದೆಲ್ಲವೂ ರಾತ್ರಿ ಎರಡು ಗಂಟೆಗೆ ತಾನಾಗಿ ಹೊರಗಿನ ಒಂದು ಡಿಸ್ಕಿಗೆ ನಕಲಾಗುವಂತೆ ಏರ್ಪಾಡಾಗಿತ್ತು. ಇದಕ್ಕಿಂತ ಹೆಚ್ಚಿನ ಜಾಗರೂಕತೆಯನ್ನು ಯಾರಿಂದ ತಾನೇ ನಿರೀಕ್ಷಿಸಬಹುದು?

ಕಳೆದ ಮಹಾನವಮಿಯ ನಂತರ ಹಳೆಯ ಮೇಜಿನ ಗಣಕವನ್ನು ತೆಗೆದುಹಾಕಿ, ಯಾರೋ ಬಳಸಿ ಮಾರಿದ ಲ್ಯಾಪ್‌ಟಾಪೊಂದನ್ನು ಕೊಂಡರು. ನಕಲಿನ ಏರ್ಪಾಡನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದಂತೆಯೇ ಅದರಲ್ಲಿಯೂ ಮಾಡಿದರು. ಮಾಘಮಾಸದಲ್ಲಿ ಒಂದು ಬೆಳಗ್ಗೆ ಆ ಲ್ಯಾಪ್‌ಟಾಪಿನೊಳಗಿನ ಡಿಸ್ಕು ಕೆಟ್ಟುಹೋಯಿತು. ‘ಹೋದರೆ ಹೋಗಲಿ, ನಕಲಿದೆಯಲ್ಲ’ ಎಂದುಕೊಂಡು ಹೊರಗಿನ ಡಿಸ್ಕನ್ನು ತೆರೆದು ನೋಡಿದರೆ, ಮಹಾನವಮಿಯಿಂದೀಚಿನ ಒಂದು ಹಾಡೂ ಅದರಲ್ಲಿಲ್ಲ. ಆ ಮೂರು ತಿಂಗಳಿನಲ್ಲಿ ಒಬ್ಬ ಅಜ್ಜಿಯಿಂದಲೇ ಹನ್ನೊಂದು ಪದಗಳನ್ನು ಹಾಡಿಸಿಕೊಂಡಿದ್ದರು. ಆಕೆ ಸಂಕ್ರಾಂತಿಯ ಮಾರನೆಯ ದಿನ ತೀರಿಕೊಂಡಿದ್ದಳು. ಎರಡು ಪದಗಳನ್ನು ಹಿಂದೆ ಆಕೆಯ ಮೊಮ್ಮಗಳಿಗೆ ವಾಟ್ಸಾಪಿನಲ್ಲಿ ಕಳಿಸಿದ್ದರಾದ್ದರಿಂದ ಅವೆರಡು ಉಳಿದುವು. ಉಳಿದ ಒಂಬತ್ತು ಹೋದುವು.

ಹೊಸ ಡಿಸ್ಕನ್ನು ಹಾಕಿಸಿ, ಮತ್ತೆ ಅದೇ ಟಿಪ್ಪಣಿಯಂತೆ ಏರ್ಪಾಡು ಮಾಡಿ ನೋಡಿದರು. ಮೊದಲನೆಯ ರಾತ್ರಿಯೇ ನಕಲು ಆಗಲಿಲ್ಲ. ಆಗ ನನಗೆ ಹೇಳಿಕಳುಹಿಸಿದರು.

ಇಲ್ಲಿ ಸ್ವಲ್ಪ ನಿಂತು, ಗಣಕವು ಹೇಗೆ ಏಳುತ್ತದೆಂಬುದನ್ನು ಹೇಳಬೇಕು. ನಿದ್ರಿಸುತ್ತಿರುವ ಗಣಕದಲ್ಲಿ ಪರದೆ, ಡಿಸ್ಕು, ಲೆಕ್ಕ ಮಾಡುವ ಮಿದುಳು ಎಲ್ಲವೂ ನಿಂತಿರುತ್ತವೆ. ನೆನಪಿನ ಭಾಗಕ್ಕೆ ಮಾತ್ರ ತುಸು ವಿದ್ಯುತ್ತು ಹರಿಯುತ್ತಿರುತ್ತದೆ. ಇವುಗಳ ಹೊರತು ಎಂದಿಗೂ ಮಲಗದ ಒಂದು ಪುಟ್ಟ ಗಡಿಯಾರವು ಒಳಗಿದೆ. ಸೆಕೆಂಡಿಗೆ 32,768 ಸಲ ಕಂಪಿಸುವ ಸ್ಫಟಿಕವೊಂದು ಇದರ ಜೀವ. ಕ್ವಾರ್ಟ್ಜ್ ಕೈಗಡಿಯಾರಗಳಲ್ಲಿರುವುದೂ ಇದೇ. (ಭಾವನವರ ಕೈಯಲ್ಲಿರುವುದು ಮಾತ್ರ ಕೀಲಿ ಕೊಡುವ ಎಚ್‌ಎಂಟಿ. ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ 1961ರಲ್ಲಿ ಆರಂಭವಾದ ಆ ಕೈಗಡಿಯಾರದ ಕಾರ್ಖಾನೆಯಿದ್ದುದು ಇವರಿಗೆ ನೆರೆಯ ಜಾಲಹಳ್ಳಿಯಲ್ಲಿ. ಅದು ಮುಚ್ಚಿದರೂ ಗಡಿಯಾರ ನಡೆಯುತ್ತಿದೆಯೆಂದು ಅವರಿಗೆ ಹೆಮ್ಮೆ.) 1984ರಲ್ಲಿ ಐಬಿಎಂ ಕಂಪೆನಿಯವರು ಹೊರತಂದ ಗಣಕದಲ್ಲಿಯೇ ಬ್ಯಾಟರಿಯಿಂದ ನಡೆಯುವ, ಅಲಾರಂ ಇಡಬಹುದಾದ ಇಂಥ ಗಡಿಯಾರವಿದ್ದಿತು. ಗಣಕವು ಮಲಗುವ ಮುನ್ನ, ತಾನು ಎಷ್ಟು ಹೊತ್ತಿಗೆ ಏಳಬೇಕೆಂಬುದನ್ನು ಈ ಗಡಿಯಾರಕ್ಕೆ ಹೇಳಿ ಮಲಗುತ್ತದೆ. ಹೇಳದೆ ಮಲಗಿದರೆ, ಗಡಿಯಾರವು ಎಚ್ಚರವಾಗಿದ್ದೂ ಪ್ರಯೋಜನವಿಲ್ಲ.

ಆದುದರಿಂದ ನಾನು ಮೊದಲು ಕೇಳಿದುದು, “ಭಾವ, ರಾತ್ರಿ ಇದನ್ನು ಮಲಗಿಸುತ್ತೀರೋ, ಪೂರ್ತಿ ಆರಿಸುತ್ತೀರೋ?” ಎಂದು. ಷಟ್ ಡೌನ್ ಮಾಡಿದ ಗಣಕವನ್ನು ವಿಂಡೋಸಿನ ಏರ್ಪಾಡು ಎಬ್ಬಿಸಲಾರದು. “ಮುಚ್ಚಳ ಮುಚ್ಚುತ್ತೇನಯ್ಯ, ಅಷ್ಟೆ” ಎಂದರು. ಅದು ಸರಿಯೇ.

ಬಳಿಕ ಟಾಸ್ಕ್ ಷೆಡ್ಯೂಲರನ್ನು ತೆರೆದು, ನಕಲಿನ ಕೆಲಸದ ‘ಕಂಡಿಷನ್ಸ್’ ಎಂಬ ಪುಟವನ್ನು ನೋಡಿದೆನು. ಈ ಕೆಲಸಕ್ಕಾಗಿ ಗಣಕವನ್ನು ಎಬ್ಬಿಸು ಎಂದು ಹೇಳುವ ಚೌಕವೊಂದು ಅಲ್ಲಿದೆ. ನಾವಾಗಿ ಗುರುತು ಹಾಕದಿದ್ದರೆ ಅದು ಖಾಲಿಯಾಗಿಯೇ ಇರುತ್ತದೆ, ಇವರಲ್ಲಿಯೂ ಖಾಲಿಯಿದ್ದಿತು. ಹಳೆಯ ಗಣಕವನ್ನು ಇವರು ಹಗಲಿರುಳೂ ಎಚ್ಚರವಾಗಿಯೇ ಬಿಟ್ಟಿದ್ದರಾದ್ದರಿಂದ ಎಬ್ಬಿಸುವ ಪ್ರಶ್ನೆಯೇ ಬಂದಿರಲಿಲ್ಲ. ಟಿಪ್ಪಣಿಯಲ್ಲಿಯೂ ಅದು ಸೇರಿರಲಿಲ್ಲ. ಗುರುತು ಹಾಕಿದೆನು. ಪವರ್ ಆಪ್ಷನ್ಸಿನಲ್ಲಿ ‘ಸ್ಲೀಪ್’ ಎಂಬುದರ ಕೆಳಗೆ ‘ಅಲೋ ವೇಕ್ ಟೈಮರ್ಸ್’ ಎಂದು ಇನ್ನೊಂದು ಅಪ್ಪಣೆಯುಂಟು. ಗೋಡೆಯ ಕರೆಂಟಿನಲ್ಲಿರುವಾಗ ಒಂದು, ಬ್ಯಾಟರಿಯಲ್ಲಿರುವಾಗ ಒಂದು, ಹೀಗೆ ಅಲ್ಲಿ ಎರಡು ಸಾಲುಗಳಿವೆ. ಮೊದಲನೆಯದಕ್ಕೆ ಅಪ್ಪಣೆಯಿತ್ತು, ಎರಡನೆಯದಕ್ಕಿರಲಿಲ್ಲ. ಚಾರ್ಜರು ಗೋಡೆಗೆ ಸಿಕ್ಕಿಸಿಯೇ ಇತ್ತಾದ್ದರಿಂದ ನಾನು ಅದನ್ನು ಲಕ್ಷಿಸಲಿಲ್ಲ.

ಗಣಕವು ಏಳುವ ಹೊತ್ತನ್ನು ನಿಜವಾಗಿ ಗುರುತು ಹಾಕಿಕೊಂಡಿದೆಯೇ ಎಂದು ಕೇಳಿ ತಿಳಿಯಲೂಬಹುದು. ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರಾಗಿ ತೆರೆದು, ‘ಪವರ್’ ಎಂಬ ಇಂಗ್ಲಿಷು ಮಾತಿಗೆ ಸಿ, ಎಫ್, ಜಿ ಎಂಬ ಮೂರಕ್ಷರಗಳನ್ನು ಹತ್ತಿಸಿ, ತೆರಪು ಬಿಟ್ಟು, ಮುಂದಕ್ಕೆ ವಾಲಿದ ಓರೆಗೆರೆಯನ್ನಿಟ್ಟು, ‘ವೇಕ್‌ಟೈಮರ್ಸ್’ ಎಂದು ಒಂದೇ ಪದವಾಗಿ ಬರೆಯತಕ್ಕದ್ದು. ಯಾವ ಕೆಲಸಕ್ಕಾಗಿ ಎಷ್ಟು ಹೊತ್ತಿಗೆ ಏಳಬೇಕಾಗಿದೆಯೆಂದು ಅದೇ ಹೇಳುತ್ತದೆ. ಓರೆಗೆರೆಯ ಮುಂದೆ ಬರಿಯ ‘ಎ’ ಎಂದು ಬರೆದರೆ, ಆ ಯಂತ್ರವು ಯಾವ ಯಾವ ಬಗೆಯ ನಿದ್ರೆಯನ್ನು ಬಲ್ಲುದೆಂಬುದು ತಿಳಿಯುತ್ತದೆ. ಈಚಿನ ಹಲವು ಲ್ಯಾಪ್‌ಟಾಪುಗಳದು ಮೊಬೈಲಿನಂತೆ ಅರೆನಿದ್ರೆ; ಅವುಗಳ ನಡತೆ ಬೇರೆ.

ಹಗಲಿನಲ್ಲೇ ಪರೀಕ್ಷಿಸೋಣವೆಂದು ನಾಲ್ಕು ಗಂಟೆ ಹತ್ತು ನಿಮಿಷಕ್ಕೆ ಹೊತ್ತಿಟ್ಟು ಗಣಕವನ್ನು ಮಲಗಿಸಿದೆವು. ಸರಿಯಾದ ಹೊತ್ತಿಗೆ ಎದ್ದು ಕೆಲಸವನ್ನು ಮುಗಿಸಿತು. ಅಕ್ಕ ಕೊಟ್ಟ ಉಪ್ಪಿಟ್ಟನ್ನು ತಿಂದು, ವಿಜಯಿಯಂತೆ ಮನೆಗೆ ಹಿಂದಿರುಗಿದೆನು. ಮಾರನೆಯ ಬೆಳಗ್ಗೆ ಆರು ಗಂಟೆಗೇ ಭಾವನವರ ಫೋನು ಬಂತು: “ಆಗಲಿಲ್ಲವಯ್ಯ.”

ನನ್ನ ಜಂಬವು ಇಳಿಯಿತು. ಶನಿವಾರ ಹೋಗಿ ರಾತ್ರಿ ಅಲ್ಲಿಯೇ ಉಳಿದೆನು. ಹತ್ತು ಗಂಟೆ ಹೊಡೆಯುತ್ತಲೆ ಭಾವನವರು ಎದ್ದು ತಮ್ಮ ನಿತ್ಯದ ಪ್ರದಕ್ಷಿಣೆಗೆ ಹೊರಟರು. ಗ್ಯಾಸಿನ ತಿರುಪನ್ನು ಮುಚ್ಚಿದರು, ನಲ್ಲಿಯನ್ನು ಬಿಗಿದರು, ಹಿತ್ತಲ ಬಾಗಿಲಿಗೆ ಅಗಳಿ ಹಾಕಿದರು. ಬರುವ ದಾರಿಯಲ್ಲಿ ಗೋಡೆಯ ಸ್ವಿಚ್ಚುಗಳನ್ನೆಲ್ಲ ಟಕಟಕನೆ ಆರಿಸುತ್ತ ಬಂದರು. ಅವುಗಳಲ್ಲಿ ಲ್ಯಾಪ್‌ಟಾಪಿನ ಸ್ವಿಚ್ಚೂ ಒಂದು!

ಪ್ಲಗ್ಗು ಗೋಡೆಯಲ್ಲಿದ್ದರೇನು, ಕರೆಂಟಿಲ್ಲ. ಗಣಕವು ರಾತ್ರಿಯೆಲ್ಲ ಬ್ಯಾಟರಿಯ ಮೇಲೆ ಮಲಗುತ್ತಿತ್ತು. ಬ್ಯಾಟರಿಯಲ್ಲಿರುವಾಗ ಎಬ್ಬಿಸಲು ಅಪ್ಪಣೆಯಿರಲಿಲ್ಲವೆಂದು ಆಗಲೇ ಹೇಳಿದೆನಷ್ಟೆ. ಅಲ್ಲದೆ ಕಂಡಿಷನ್ಸ್ ಪುಟದಲ್ಲಿ, ಗೋಡೆಯ ಕರೆಂಟಿದ್ದರೆ ಮಾತ್ರ ಕೆಲಸವನ್ನು ಆರಂಭಿಸು ಎಂದೊಂದು, ನಡುವೆ ಬ್ಯಾಟರಿಗೆ ತಿರುಗಿದರೆ ಕೆಲಸವನ್ನು ನಿಲ್ಲಿಸು ಎಂದೊಂದು, ಹೀಗೆ ಎರಡು ಗುರುತುಗಳು ಮೊದಲಿನಿಂದಲೇ ಬಿದ್ದಿರುತ್ತವೆ. ರಾತ್ರಿಯಲ್ಲಿ ಕರೆಂಟು ಹೋಗಿ ಬರುವ ಊರುಗಳಲ್ಲಿ ಎರಡನೆಯದಂತೂ ದೊಡ್ಡ ತೊಡಕು. ನಕಲು ಅರ್ಧಕ್ಕೆ ನಿಂತುಹೋಗುತ್ತದೆ. ಮಲಗುವ ಮುನ್ನ ಸ್ವಿಚ್ಚನ್ನಾರಿಸುವುದು ನಮ್ಮಲ್ಲಿ ಸಂಸಾರವಂತರ ಲಕ್ಷಣ. ಅದನ್ನು ತಪ್ಪೆಂದು ಯಾವ ಬಾಯಿಂದ ಹೇಳಲಿ? ಆದರೆ ಒಂಬತ್ತು ಪದಗಳು ಹೋದುದರಲ್ಲಿ ಅದಕ್ಕೂ ಪಾಲಿದ್ದಿತು. ಭಾವನವರು ಸ್ವಿಚ್ಚನ್ನೇ ನೋಡುತ್ತ ಬಹಳ ಹೊತ್ತು ಮಾತಾಡಲಿಲ್ಲ.

ಎರಡು ಗುರುತುಗಳನ್ನೂ ತೆಗೆದೆನು. ಬ್ಯಾಟರಿಯ ಸಾಲಿಗೂ ಅಪ್ಪಣೆ ಕೊಟ್ಟೆನು. ‘ಸೆಟ್ಟಿಂಗ್ಸ್’ ಪುಟದಲ್ಲಿ, ಹೊತ್ತು ತಪ್ಪಿದರೆ ಆದಷ್ಟು ಬೇಗ ಕೆಲಸವನ್ನು ನಡೆಸು ಎಂಬರ್ಥದ ಚೌಕವೊಂದಿದೆ. ಅದಕ್ಕೂ ಗುರುತು ಹಾಕಿದೆನು. ಗಣಕವು ಏಳಲಿ ಬಿಡಲಿ, ಬೆಳಗ್ಗೆ ಮುಚ್ಚಳವನ್ನು ತೆರೆದ ಮೇಲಾದರೂ ನಕಲು ನಡೆಯುವುದಾದ್ದರಿಂದ, ನನ್ನ ಮಟ್ಟಿಗೆ ಉಳಿದೆಲ್ಲಕ್ಕಿಂತ ಬೆಲೆಯುಳ್ಳ ಗುರುತು ಇದೇ.

ಆ ರಾತ್ರಿ ಭಾವನವರು ನಿದ್ರೆ ಮಾಡಲಿಲ್ಲ. ಎರಡು ಗಂಟೆ ಕಳೆದ ಮೇಲೆ ನನ್ನ ಭುಜವನ್ನು ಅಲುಗಿಸಿ, “ಏಳಯ್ಯ, ಅದು ಏಳಲಿಲ್ಲ” ಎಂದರು. ಹೋಗಿ ನೋಡಿದರೆ ಪರದೆ ಕಪ್ಪಾಗಿತ್ತು. ಆದರೆ ಹೊರಗಿನ ಡಿಸ್ಕಿನ ದೀಪವು ಮಿಣಮಿಣನೆ ಮಿನುಗುತ್ತಿತ್ತು! ಕೆಲಸಕ್ಕಾಗಿ ತಾನಾಗಿ ಎದ್ದ ಗಣಕವು, ಮುಂದೆ ಮನುಷ್ಯರಾರೂ ಇಲ್ಲವೆಂದು ತಿಳಿದು ಪರದೆಯನ್ನು ಬೆಳಗಿಸದೆಯೇ ಕೆಲಸ ಮಾಡುವುದುಂಟು. ಕಪ್ಪು ಪರದೆಯನ್ನು ಕಂಡು ಗಾಬರಿಯಾಗಿ ಗುಂಡಿಯನ್ನೊತ್ತಬಾರದು. ಬೆಳಗ್ಗೆ ಷೆಡ್ಯೂಲರಿನ ‘ಲಾಸ್ಟ್ ರನ್ ಟೈಮ್’ ಎಂಬ ಅಂಕಣವನ್ನು ನೋಡಿ, ಆಮೇಲೆ ನಕಲಿನ ಡಿಸ್ಕಿನಲ್ಲಿ ನಿನ್ನೆಯ ಕಡತವೊಂದನ್ನು ತೆರೆದು ನೋಡಬೇಕು. ಎರಡನೆಯದನ್ನು ಬಿಡಲೇಬಾರದು, ನಡೆಯದೆ ಹೋದ ಕೆಲಸವು ತಾನು ನಡೆಯಲಿಲ್ಲವೆಂದು ಯಾರಿಗೂ ಕೂಗಿ ಹೇಳುವುದಿಲ್ಲ.

ಇಷ್ಟಾದರೂ ಏಳದಿದ್ದರೆ, ಗಣಕವನ್ನು ಹೊತ್ತಿಸುತ್ತಲೆ ತೆರೆಯುವ ಬಯಾಸಿನಲ್ಲಿ ಗಡಿಯಾರದ ಅಲಾರಮಿನಿಂದ ಏಳಲು ತಡೆಯಿದೆಯೇ ಎಂದು ನೋಡಬೇಕು. ಅದು ತಿಳಿದವರ ಕೆಲಸ. ಮೇಜಿನ ಗಣಕವು ದಿನಾಂಕವನ್ನೇ ಮರೆಯುತ್ತಿದ್ದರೆ, ಒಳಗಿನ ಬಿಲ್ಲೆಯಂಥ ಬ್ಯಾಟರಿ ಮುಗಿದಿರಬಹುದು. ಅನೇಕ ಗಣಕಗಳಲ್ಲಿರುವುದು ಸಿಆರ್ 2032 ಎಂಬುದು: 3 ವೋಲ್ಟು, 20 ಮಿಲಿಮೀಟರ್ ಅಗಲ, 3.2 ಮಿಲಿಮೀಟರ್ ದಪ್ಪ. ಲಿನಕ್ಸ್ ಇಟ್ಟುಕೊಂಡವರು, ಅಲ್ಲಿಯ ‘ಕ್ರಾನ್’ ಮಲಗಿದ ಗಣಕವನ್ನು ಎಬ್ಬಿಸುವುದಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಎಬ್ಬಿಸಲು ‘ಆರ್‌ಟಿಸಿವೇಕ್’ ಎಂಬುದು ಬೇರೆಯಿದೆ.

ನನ್ನನ್ನು ಕೇಳಿದರೆ, ಮನೆಯ ಗಣಕಕ್ಕೆ ರಾತ್ರಿ ಎರಡು ಗಂಟೆಯ ಕೆಲಸವೇ ಬೇಡ. ಅದು ಆಫೀಸುಗಳ ರೂಢಿ. ಸಂಜೆ ಎಲ್ಲರೂ ಊಟಕ್ಕೆ ಕುಳಿತಿರುವಾಗ, ಗಣಕವು ಎಚ್ಚರವಾಗಿಯೇ ಇರುವಾಗ, ಆ ಕೆಲಸವನ್ನಿಟ್ಟರೆ ಇಷ್ಟು ಅಪ್ಪಣೆಗಳ ಗೊಡವೆಯೇ ಇರುವುದಿಲ್ಲ. ಇದನ್ನು ಭಾವನವರಿಗೆ ಹೇಳಿ ನೋಡಿದೆನು. ಅವರು ಒಪ್ಪಲಿಲ್ಲ, ಎರಡು ಗಂಟೆಯೆಂದರೆ ಎರಡು ಗಂಟೆಯೇ.

ಮೊನ್ನೆ ಹೋದಾಗ ಗೋಡೆಯ ಆ ಸ್ವಿಚ್ಚಿನ ಮೇಲೆ ಒಂದು ಚೀಟಿ ಅಂಟಿತ್ತು. ಉಪಾಧ್ಯಾಯರ ದುಂಡಕ್ಷರದಲ್ಲಿ ‘ಇದನ್ನು ಯಾರೂ ಆರಿಸಕೂಡದು’ ಎಂದಿತ್ತು. ಅದರ ಕೆಳಗೆ ನಮ್ಮ ಅಕ್ಕ ಪೆನ್ಸಿಲಿನಲ್ಲಿ ‘ನೀವೂ ಸಹ’ ಎಂದು ಬರೆದಿದ್ದಳು.