ಮನೆ-ಆರೋಗ್ಯ: ಶಾಂತವಾಗಿ ಮಲಗಿದ ಕೂಸು



ಬಾಣಂತಿಯನ್ನು ನೋಡಲು ಹೋದವರು, "ಕೂಸು ಎಷ್ಟು ಶಾಂತ! ಅಳುವುದೇ ಇಲ್ಲ" ಎಂದು ಮೆಚ್ಚುವುದುಂಟು. ದಿನ ತುಂಬದೆ ಹುಟ್ಟಿದ ಅಥವಾ ಎರಡೂವರೆ ಕಿಲೋ ತೂಗದ ಕೂಸಾದರೆ, ಮೆಚ್ಚುವ ಮೊದಲು ಪರೀಕ್ಷಿಸಬೇಕು. ಎಳೆಗೂಸಿಗೆ ನಂಜೇರಿದಾಗ ಜ್ವರ ಬಂದೇ ತೀರಬೇಕೆಂದಿಲ್ಲ. ಹಾಲು ಬಿಟ್ಟು, ಮೈ ತಣ್ಣಗಾಗಿ, ಸುಮ್ಮನೆ ಮಲಗಿಬಿಡಬಹುದು.

ಮಹಾರಾಷ್ಟ್ರದ ಗಡಚಿರೋಲಿ ಜಿಲ್ಲೆಯ 39 ಹಳ್ಳಿಗಳಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿಗಳು ಊರಿನ ಹೆಣ್ಣುಮಕ್ಕಳಿಗೇ ಕೂಸಿನ ಆರೈಕೆ ಕಲಿಸಿದರು. 1999ರಲ್ಲಿ ಪ್ರಕಟವಾದ ಅವರ ವರದಿಯಂತೆ, ಅಲ್ಲಿ ನವಜಾತ ಶಿಶುಗಳ ಸಾವು ಶೇ. 62ರಷ್ಟು ತಗ್ಗಿತು. ಅವರ ಕೈಯಲ್ಲಿ ಔಷಧವೂ ಇತ್ತು, ಇಂಜೆಕ್ಷನ್ನೂ ಇತ್ತು. ಆದರೆ ಅದನ್ನು ಯಾವಾಗ ಕೊಡಬೇಕೆಂದು ತಿಳಿಯಲು ಅವರು ಮೊದಲು ಕಲಿತದ್ದು ಬದಲಾವಣೆಯನ್ನು ಗುರುತಿಸುವುದನ್ನು: ಮೊದಲು ಚೆನ್ನಾಗಿ ಚೀಪುತ್ತಿತ್ತು, ಈಗ ಇಲ್ಲ, ಅಳು ಜೋರಾಗಿತ್ತು, ಈಗ ಕ್ಷೀಣ, ಚುರುಕಾಗಿತ್ತು, ಈಗ ಮಂಕು.

ಆಸ್ಪತ್ರೆಯ ದಾದಿಯರಿಗೂ ಇದೇ ಪಾಠ. ಆದರೆ ದಾದಿಯರ ಪಾಳಿ ಬದಲಾಗುತ್ತದೆ. ಬೆಳಿಗ್ಗೆ ಬಂದವಳು ರಾತ್ರಿಯ ಕೂಸನ್ನು ಕಂಡಿರುವುದಿಲ್ಲ. ಎರಡನ್ನೂ ಕಂಡವಳು ತಾಯಿ ಒಬ್ಬಳೇ. ಆದ್ದರಿಂದ ದಾದಿ ತಾಯಿಯನ್ನು ಕೇಳಬೇಕು, ತಾಯಿ ಸಂಕೋಚವಿಲ್ಲದೆ ಹೇಳಬೇಕು. "ಚೊಚ್ಚಲ ಬಾಣಂತಿ, ಇವಳಿಗೇನು ತಿಳಿಯುತ್ತದೆ" ಎಂದು ಹಿರಿಯರು ಅವಳ ಬಾಯಿ ಮುಚ್ಚಿಸಬಾರದು.

ಇವನ್ನು ನೆನಪಿಡಿರಿ:

* ಕೂಸು ಸುಮ್ಮನಿದ್ದಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿರಿ. 60 ಅಥವಾ ಹೆಚ್ಚಿದ್ದರೆ ಮತ್ತೊಮ್ಮೆ ಎಣಿಸಿರಿ. ಆಗಲೂ ಅಷ್ಟೇ ಇದ್ದರೆ ಅಪಾಯ.
* ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆಯುವುದು, ನರಳುವುದು.
* ಹಾಲು ಕುಡಿಯದಿರುವುದು, ಎಬ್ಬಿಸಿದರೂ ಏಳದಿರುವುದು, ಫಿಟ್ಸ್ ಬರುವುದು.
* ಅಂಗಾಲಷ್ಟೇ ಅಲ್ಲ, ಹೊಟ್ಟೆಯೂ ತಣ್ಣಗಿರುವುದು. ಅಥವಾ ಮೈ ಸುಡುವುದು.
* ಮೊದಲ ದಿನವೇ ಕಾಮಾಲೆ ಕಾಣುವುದು, ಅಥವಾ ಅಂಗೈ-ಅಂಗಾಲು ಹಳದಿಯಾಗುವುದು.

ಇವುಗಳಲ್ಲಿ ಒಂದು ಕಂಡರೂ ಕೂಸನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಅಪ್ಪಿಸಿ, ಮೇಲೆ ಹೊದಿಸಿ ಆಸ್ಪತ್ರೆಗೆ ಒಯ್ಯಿರಿ. ಘುಟ್ಟಿ ಹಾಕಿ ನೋಡೋಣ, ಸೂತಕ ಕಳೆಯಲಿ, ಅಂಗಡಿ ಮುಚ್ಚಿ ಯಜಮಾನರು ಬರಲಿ ಎಂದು ಕಾಯಬೇಡಿರಿ. ಎಳೆಗೂಸಿನ ಪಾಲಿಗೆ ಕೆಲವು ತಾಸುಗಳೇ ಬಹಳ.

2011ರಿಂದ ಸರಕಾರದ ಯೋಜನೆಯಂತೆ ಆಶಾ ಕಾರ್ಯಕರ್ತೆಯರೂ ಮನೆಗೆ ಬಂದು ಕೂಸನ್ನು ನೋಡುತ್ತಾರೆ. "ನಮಗೆ ನಮ್ಮ ಡಾಕ್ಟರರಿದ್ದಾರೆ" ಎಂದು ಬಾಗಿಲಲ್ಲೇ ಕಳಿಸಬೇಡಿರಿ. ಒಳಗೆ ಕರೆದು ಕೂಸನ್ನು ತೋರಿಸಿರಿ.