ಪಾಪ, ಬ್ಯಾಟರಿಯದೇನು ತಪ್ಪು?

ನನ್ನ ಹಳೆಯ ಪೆಟ್ರೋಲ್ ಕಾರು ಒಂದು ದಿನ ಸ್ಟಾರ್ಟ್ ಆದರೆ ಮರುದಿನ ಬರೀ ‘ಟಕ್’ ಎನ್ನುತ್ತಿತ್ತು. ಗ್ಯಾರೇಜಿನವರು ಏನನ್ನೂ ಅಳೆಯದೆ “ಹೊಸ ಬ್ಯಾಟರಿ ಹಾಕಿಸಿ” ಎಂದರು. ಬಗ್ ಎಲ್ಲಿದೆ ಎಂದು ನೋಡದೆ ಸರ್ವರ್ ಬದಲಿಸಿದ ಹಾಗೆ!

ಮಲ್ಟಿಮೀಟರ್ ಹಿಡಿದೆ. ಬ್ಯಾಟರಿ 12.6 ವೋಲ್ಟ್, ಕೀಲಿ ತಿರುಗಿಸಿದಾಗಲೂ 11ರ ಮೇಲೆಯೇ. ಆದರೆ ಆಗ ಬ್ಯಾಟರಿಯ ಮೈನಸ್ಸಿಗೂ ಎಂಜಿನ್ನಿಗೂ ನಡುವೆ 2 ವೋಲ್ಟ್ ನಷ್ಟ. ಅರ್ಧ ವೋಲ್ಟ್ ಕೂಡ ಹೆಚ್ಚೇ. ಅರ್ಥ್ ಕೇಬಲ್ಲಿನ ತುದಿ ತುಕ್ಕು ಹಿಡಿದಿತ್ತು (ಚಳಿಗಾಲದಲ್ಲಿ ರಸ್ತೆಗೆ ಸುರಿಯುವ ಉಪ್ಪಿನ ಕೃಪೆ ಇರಬೇಕು). ಉಜ್ಜಿ ಬಿಗಿದೆ, ಅಷ್ಟೇ.

2023ರ ಆಗಸ್ಟ್ 29ರಂದು ಯುಲೆಜ್ ಲಂಡನ್ನಿನ ಎಲ್ಲ ಬರೋಗಳಿಗೂ ಹಬ್ಬಿದಾಗ ದಿನಕ್ಕೆ 12.50 ಪೌಂಡ್ ಶುಲ್ಕಕ್ಕೆ ಹೆದರಿ ಹಲವರು ಗಾಡಿ ಬಿಟ್ಟರು. ಯೂರೋ 4 ಪೆಟ್ರೋಲ್ ಗಾಡಿಗಳು ಉಳಿದುಕೊಂಡವು. ಅಂಥದ್ದನ್ನು ಒಂದು ಕೊಳಕು ಬೋಲ್ಟಿಗಾಗಿ ಗುಜರಿಗೆ ಹಾಕುವುದನ್ನು ನಾನಂತೂ ಒಪ್ಪಲಾರೆ.